ಹುಸೇನಸಾಬರ ಮೊಳದುದ್ದದ ಜೀಪು

ಮೊನ್ನೆ ಕಪಾಟು ಸ್ವಚ್ಛ ಮಾಡುವಾಗ ಹಲ್ಲಿನ ಹಳೆಯ ಎಕ್ಸ್‌ರೇ ಫಿಲ್ಮೊಂದು ಕೈಗೆ ಸಿಕ್ಕಿತು. ಬೆಳಕಿಗೆ ಹಿಡಿದರೆ ಯಾರದೋ ದವಡೆ ಹಲ್ಲು, ಅದರ ಬೇರು, ಬೇರಿನ ಪಕ್ಕದಲ್ಲಿ ಎರಡು ದುಂಡನೆಯ ತೂತು. ತೂತು ಹಲ್ಲಿನಲ್ಲಲ್ಲ, ಫಿಲ್ಮಿನಲ್ಲಿ. ಕತ್ತರಿಯಿಂದ ಹುಷಾರಾಗಿ ಕೊಯ್ದು ತೆಗೆದವು, ಒಂದೊಂದೂ ಉದ್ದಿನ ಕಾಳಿಗಿಂತ ತುಸು ದೊಡ್ಡವು. ಹೊಸ ಹಲ್ಲಿನ ಸೆಟ್ಟು ಹಾಕಿ ನೋಡಲು ಬಂದಿದ್ದ ಅಜ್ಜಿಯೊಬ್ಬಳು ಅದನ್ನು ನೋಡಿ, "ಯವ್ವಾ, ಇದಕ್ಕ ಕಣ್ಣು ಯಾಕ ಕೊಯ್ದೀರಿ?" ಎಂದು ಕೇಳಿದಳು. ನಾನು ಉತ್ತರ ಕೊಡದೆ ಬಾಯಿ ತೆರೆಯಲು ಹೇಳಿದೆ. ನಮ್ಮ ಕಸುಬಿನಲ್ಲಿ ಇದೊಂದು ಅನುಕೂಲ. ಬೇಡದ ಪ್ರಶ್ನೆ ಬಂದಾಗ ಎದುರಿನವರ ಬಾಯಿ ತೆರೆಸಿಬಿಟ್ಟರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ನಾನು ಗಂಗಾವತಿಯಲ್ಲಿ ಹಲ್ಲಿನ ಸೆಟ್ಟು ಕಟ್ಟುವವಳು. ಡಾಕ್ಟರರ ದವಾಖಾನೆಯ ಹಿಂದಿನ ಕೋಣೆ ನನ್ನದು. ಬಾಯಿಯ ಅಚ್ಚು ತೆಗೆದು, ಅದರಿಂದ ಪ್ಲಾಸ್ಟರಿನ ದವಡೆ ಎರೆದು, ಆ ದವಡೆಗೆ ಹೊಂದುವ ಹಾಗೆ ಗುಲಾಬಿ ಬಣ್ಣದ ಒಸಡು, ಬಿಳಿಯ ಹಲ್ಲು ಕೂರಿಸುತ್ತೇನೆ. ಸೆಟ್ಟನ್ನು ಮಾಡಿಸಿದವರು ಒಯ್ಯುತ್ತಾರೆ, ಪ್ಲಾಸ್ಟರಿನ ದವಡೆ ನನ್ನಲ್ಲೇ ಉಳಿಯುತ್ತದೆ. ಎಸೆಯಲು ಮನಸ್ಸು ಬರುವುದಿಲ್ಲ. ಹಾಗಾಗಿ ನನ್ನ ಕಪಾಟಿನಲ್ಲಿ ಅರ್ಧ ಗಂಗಾವತಿ ಬಾಯಿ ತೆರೆದುಕೊಂಡು ಕೂತಿದೆ. ಕೆಲವರು ತೀರಿಕೊಂಡಿದ್ದಾರೆ, ಅವರ ಬಾಯಿ ಮಾತ್ರ ಇನ್ನೂ ಇಲ್ಲಿದೆ. ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯ ಅರ್ಧಭಾಗದಿಂದಲೇ ನನ್ನ ಹೊಟ್ಟೆ ತುಂಬುತ್ತಿರುವಾಗ ನಾನು ದೂರುವಂತಿಲ್ಲ.

ಇದು ಕಸುಬು. ಚಟ ಬೇರೆ ಇದೆ. ರಿಮೋಟಿನಿಂದ ಓಡುವ ಸಣ್ಣ ಗಾಡಿ ಕಟ್ಟುತ್ತೇನೆ. ಜಾತ್ರೆಯಲ್ಲಿ ಸಿಗುವ, ಗೋಡೆಗೆ ಡಿಕ್ಕಿ ಹೊಡೆದು ಕಾಲು ಮೇಲೆ ಮಾಡುವ ಆಟಿಕೆಗಳಲ್ಲ ಇವು. ನಿಜವಾದ ಗಾಡಿಯ ಹತ್ತನೇ ಒಂದು ಅಳತೆಯವು. ಕಬ್ಬಿಣದ ಚಾಸಿ, ನಾಲ್ಕೂ ಗಾಲಿಗೆ ಹಲ್ಲುಚಕ್ರ, ಸ್ಪ್ರಿಂಗು, ಒಳಗೆ ಮೋಟರು. ಇವಕ್ಕೆ ವೇಗವಿಲ್ಲ. ಕಲ್ಲು ಬಂಡೆ ಹತ್ತುವುದೇ ಇವುಗಳ ಕೆಲಸ, ಅದೂ ಬಸುರಿ ಹೆಂಗಸು ಮೆಟ್ಟಿಲು ಹತ್ತುವಷ್ಟು ನಿಧಾನವಾಗಿ. ಮೋಟರು, ಗಾಲಿಗಳನ್ನು ಮೊಬೈಲಿನಲ್ಲಿ ತರಿಸುತ್ತೇನೆ. ಮೇಲಿನ ಬಾಡಿ ಮಾತ್ರ ನನ್ನದೇ ಕೈಗೆಲಸ. ಒಸಡಿಗೆ ಬಳಸುವ ಪುಡಿ ಕಲಸಿ ಬಾನೆಟ್ಟು ಎರೆಯುತ್ತೇನೆ, ವಕ್ರ ಹಲ್ಲಿಗೆ ಹಾಕುವ ತಂತಿಯಿಂದ ಬಾಗಿಲ ಹಿಡಿಕೆ ಬಾಗಿಸುತ್ತೇನೆ. ನಮ್ಮ ಮನೆಯವರು ಶಾಲೆಯ ಮಾಸ್ತರರು. "ಊರ ಮಂದಿ ಬಾಯಿ ಮುಚ್ಚಿಸಿ ಬಂದು ಮನ್ಯಾಗ ಗಾಡಿ ಆಟ ಆಡ್ತಾಳ್ರಿ ಇಕಿ," ಎಂದು ಬಂದವರ ಮುಂದೆಲ್ಲ ಹೇಳುತ್ತಾರೆ. ಐವತ್ತರ ಹತ್ತಿರ ಬಂದ ಹೆಂಗಸು ಮಂಡಿಯೂರಿ ಗಾಡಿಯ ಅಡಿಯಲ್ಲಿ ಇಣುಕುತ್ತಿದ್ದರೆ ಯಾವ ಗಂಡನೂ ಇಷ್ಟಾದರೂ ಹೇಳಬೇಕಾದದ್ದೇ.

ಚಟ ಹಳೆಯದು. ಕುಕನೂರು ನನ್ನ ತಾಯಿಯ ತವರು. ಅಲ್ಲಿ ಜೋಳದ ದಂಟು ಸೀಳಿ ಬಂಡಿ ಕಟ್ಟುತ್ತಿದ್ದೆವು. ಜಾಲಿಮುಳ್ಳೇ ಮೊಳೆ, ಹವಾಯಿ ಚಪ್ಪಲಿ ದುಂಡಗೆ ಕೊಯ್ದರೆ ಗಾಲಿ. ಯಾರ ಚಪ್ಪಲಿ ಕೊಯ್ದೆವು ಎಂಬುದು ಆಮೇಲೆ ಬೆನ್ನಿಗೆ ತಿಳಿಯುತ್ತಿತ್ತು. ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಕರಿಮಣ್ಣಿನ ಎತ್ತು ಮಾಡಿ ಗುಲಗಂಜಿಯ ಕಣ್ಣು ಹಚ್ಚುವ ಕೆಲಸ ನನ್ನದು. ಪೂಜೆ ಮುಗಿದ ಮೇಲೆ ಅವನ್ನು ಆಟಕ್ಕೆ ಕೊಡುತ್ತಿರಲಿಲ್ಲ. "ಕಣ್ಣು ಹಚ್ಚೂತನಾ ಅದು ಮಣ್ಣು. ಹಚ್ಚಿದ ಮ್ಯಾಲೆ ನಿಂದಲ್ಲ," ಎನ್ನುತ್ತಿದ್ದಳು ಅಮ್ಮಮ್ಮ. ಒಂದು ವರ್ಷ ಒಂದು ಎತ್ತನ್ನು ಕದ್ದು ಕಾಳಿನ ಗುಮ್ಮಿಯ ಹಿಂದೆ ಇಟ್ಟೆ. ಆಮೇಲೆ ಆ ಕೋಣೆಗೆ ಒಬ್ಬಳೇ ಹೋಗಲು ಆಗಲಿಲ್ಲ. ಗುಮ್ಮಿಯ ಸಂದಿಯಿಂದ ಅದು ನನ್ನನ್ನೇ ನೋಡುತ್ತಿದೆ ಎನ್ನಿಸುತ್ತಿತ್ತು. ಕೊನೆಗೆ ಕಣ್ಣು ಮುಚ್ಚಿಕೊಂಡು ತೆಗೆದು ಬಾವಿಗೆ ಹಾಕಿ ಬಂದೆ, ಆ ಬಾವಿಯ ನೀರು ಕುಡಿಯಲೂ ಕೆಲವು ದಿನ ಹಿಂಜರಿದೆ.

ಕಟ್ಟಿದ ಗಾಡಿಯನ್ನು ಓಡಿಸಿ ನೋಡಬೇಕಲ್ಲ. ಗಂಗಾವತಿಯ ಸುತ್ತ ಬಂಡೆಗಳಿಗೇನು ಬರವಿಲ್ಲ. ಗಾಡಿ ಬಿಡುವಾಗ ನಿಂತು ನೋಡಿದರೆ ಸುಖವಿಲ್ಲ, ನೆಲಕ್ಕೆ ಕೆನ್ನೆ ಹಚ್ಚಿ ನೋಡಬೇಕು. ಆಗ ಮೊಳಕಾಲೆತ್ತರದ ಕಲ್ಲು ಗುಡ್ಡವಾಗುತ್ತದೆ, ಹುಲ್ಲು ಅಡವಿಯಾಗುತ್ತದೆ, ಇರುವೆ ಎದುರಿಗೆ ಬಂದರೆ ಹಾರ್ನ್ ಹೊಡೆಯಬೇಕು ಎನ್ನಿಸುತ್ತದೆ. ಒಮ್ಮೆ ಗುಡ್ಡದ ಮೇಲಿನ ಮೋರ್ಯರ ಮನೆಗಳನ್ನು ನೋಡಲು ಹೋದಾಗ ಚೀಲದಲ್ಲಿ ಗಾಡಿಯೂ ಇತ್ತು. ಚಪ್ಪಡಿ ನಿಲ್ಲಿಸಿ ಕಟ್ಟಿದ ಕುಳ್ಳ ಮನೆಗಳು, ಒಂದು ಬದಿಗೆ ದುಂಡನೆಯ ಕಿಂಡಿ. ಅಲ್ಲಿದ್ದವರು ಮೊಳದುದ್ದದ ಜನ, ಬೆಂಕಿಯ ಮಳೆ ಸುರಿದು ಎಲ್ಲರೂ ಸುಟ್ಟುಹೋದರು ಎಂದು ನಮ್ಮ ಕಡೆ ಹೇಳುತ್ತಾರೆ. ಚೀಲದಿಂದ ಗಾಡಿ ತೆಗೆಯಲು ಕೈ ಹಾಕಿದವಳು ಕಿಂಡಿಯ ಕಡೆ ನೋಡಿದೆ. ಅಳತೆ ಸರಿಯಾಗಿತ್ತು. ಗಾಡಿ ತಂದು ಈ ಬಾಗಿಲಿಗೆ ನಿಲ್ಲಿಸಿದರೆ ಯಾರಾದರೂ ಊರಿಗೆ ಹೋಗಲು ಎದ್ದು ಬಂದಾರು ಎನ್ನಿಸಿತು. ಚೀಲದ ಜಿಪ್ಪು ಎಳೆದು ಇಳಿದು ಬಂದೆ.

ಈಗ ರಾಜಾಬಕ್ಷಿಯ ವಿಷಯ. ಗ್ಯಾರೇಜು ಸಾಲಿನಲ್ಲಿ ಅವನ ಬಣ್ಣದ ಅಂಗಡಿ. ಲಾರಿಯ ಹಿಂದೆ ಹದ್ದು, ಟ್ರ್ಯಾಕ್ಟರಿನ ಟ್ರೇಲರಿಗೆ ತಾವರೆ ಬರೆಯುತ್ತಾನೆ. ನನ್ನ ಮೊದಲ ಗಾಡಿಗೆ ಬಣ್ಣ ಹೊಡೆಸಲು ಒಯ್ದಾಗ ಅದರ ಗುಲಾಬಿ ಬಾಡಿ ನೋಡಿ, "ಅಕ್ಕಾರ, ಇದು ಗಾಡಿನೋ ವಸಡೋ?" ಎಂದು ನಕ್ಕಿದ್ದ. ಅಂದಿನಿಂದ ಗೆಳೆತನ. ಅವನ ತಂದೆ ಹುಸೇನಸಾಬರು ಮೊದಲು ಗಂಗಾವತಿಯಿಂದ ತಾವರಗೇರೆಗೆ ಜೀಪು ಹೊಡೆಯುತ್ತಿದ್ದವರು. ಒಳಗೆ ಹಿಡಿಸುವಷ್ಟು ಜನ, ಹೊರಗೆ ಅಷ್ಟೇ ಜನ. ಕಪ್ಪು ಕನ್ನಡಕ ಹಾಕಿಕೊಂಡು, ಮೊಣಕೈಯನ್ನು ಬಾಗಿಲ ಮೇಲಿಟ್ಟು ಅವರು ಬಂದರೆಂದರೆ ಹುಡುಗಿಯರೂ ತಿರುಗಿ ನೋಡುತ್ತಿದ್ದರಂತೆ. ಅವರಿಗೆ ಹಲ್ಲಿನ ಸೆಟ್ಟು ಕಟ್ಟಿದವಳು ನಾನೇ. ಜೀಪು ಗುಜರಿಗೆ ಹೋಗಿ ಬಹಳ ಕಾಲವಾಯಿತು. ಆಮೇಲೆ ಹುಸೇನಸಾಬರಿಗೆ ಮರೆವು ಹತ್ತಿತು. ಮೊದಲು ಹೆಸರುಗಳು ಹೋದವು, ಆಮೇಲೆ ಹೊತ್ತುಗೊತ್ತು ಹೋಯಿತು. ಜೀಪು ಮಾತ್ರ ಹೋಗಲಿಲ್ಲ.

ದಿನಾ ಸಂಜೆ ಅವರು ಕಾಟಿನಿಂದೆದ್ದು ಅಂಗಿ ಸರಿಮಾಡಿಕೊಂಡು, "ಗಾಡಿ ಹೊರಡೂ ಹೊತ್ತಾತು," ಎಂದು ಹೊರಟುಬಿಡುತ್ತಿದ್ದರು. ಶ್ರೀರಾಮನಗರದ ಕಡೆಯಿಂದ ಭತ್ತದ ಲಾರಿಗಳು ಬರುವ ರಸ್ತೆ ಅವರ ಮನೆಯ ಹತ್ತಿರವೇ ಇದೆ. ಆ ರಸ್ತೆಯ ನಟ್ಟನಡುವೆ ನಿಂತು ಜೀಪು ಹುಡುಕುತ್ತಿದ್ದರು. ಒಮ್ಮೆ ಲಾರಿಯೊಂದು ಅವರನ್ನು ಉಳಿಸಲು ಬ್ರೇಕ್ ಒತ್ತಿದ ರಭಸಕ್ಕೆ ಮೇಲಿನ ಚೀಲಗಳು ಉರುಳಿಬಿದ್ದವು. ಅಂದಿನಿಂದ ಸೊಸೆ ಶಬಾನಾ ಹೊರಗಿನಿಂದ ಕೀಲಿ ಹಾಕತೊಡಗಿದಳು. ಹುಸೇನಸಾಬರು ಕೂಗಾಡುತ್ತಿರಲಿಲ್ಲ. ಬಾಗಿಲಿನ ಒಳಗೆ ನಿಂತು ಅಂಗೈಯಿಂದ ತಟ್ಟುತ್ತಿದ್ದರು, ಇಳಿಯುವವರು ಜೀಪಿನ ಬದಿಗೆ ತಟ್ಟುತ್ತಾರಲ್ಲ, ಹಾಗೆ. ಅವರು ತಟ್ಟುವಷ್ಟು ಹೊತ್ತೂ ಶಬಾನಾ ಹೊರಗಿನ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. "ಕೀಲಿ ಹಾಕಿದ್ರ ಪಾಪ, ತಗದ್ರ ಲಾರಿ," ಎಂದು ನನ್ನ ಹತ್ತಿರ ಹೇಳಿದ್ದಳು.

ರಾಜಾಬಕ್ಷಿಯೇ ಕೇಳಿದ. "ಅಕ್ಕಾರ, ಬಾಬಾನ ಜೀಪು ಮಾಡೂಣೇನ್ರಿ? ಸಣ್ಣದು. ಗಾಡಿ ಮನ್ಯಾಗ ನಿಂತಿದ್ದು ಕಂಡ್ರ ಹೊರಗ ಹುಡುಕಾಕ ಹೋಗೂದಿಲ್ಲ ಅವ್ರು."

ಇಂಥ ಗಾಡಿ ಕಟ್ಟುವವರಿಗೆ ಒಂದು ಹುಚ್ಚು ಇರುತ್ತದೆ. ಹೊಸ ಗಾಡಿಯನ್ನು ಹೊಸದಾಗಿ ಮಾಡಲು ಯಾರಿಗೂ ಬರುತ್ತದೆ. ಹಳೆಯದನ್ನು ಹಳೆಯದಾಗಿಯೇ ಮಾಡುವುದರಲ್ಲಿ ಗಮ್ಮತ್ತು. ಕನಕಗಿರಿ ದಾರಿಯಲ್ಲಿ ಎಮ್ಮೆ ಗುದ್ದಿದ್ದ ಎಡ ಮಡಗಾರ್ಡಿನ ತಗ್ಗು, ಸುತಳಿಯಿಂದ ಬಿಗಿದ ಬಾನೆಟ್ಟು, ಹರಿದು ಹೊಲಿದ ತಾಡಪತ್ರಿ, ಯಾವುದನ್ನೂ ಬಿಡಲಿಲ್ಲ. ತಾಡಪತ್ರಿಗೆ ನನ್ನ ಹಳೆಯ ಕೊಡೆ ಬಲಿಯಾಯಿತು. ಮುಂದೆ ಕಟ್ಟುವ ನಿಂಬೆಹಣ್ಣಿಗೆ ಒಣಗಿದ ಬೇವಿನ ಹಣ್ಣು ಸರಿಹೋಯಿತು. ತುಕ್ಕಿನ ಕಲೆಯನ್ನು ರಾಜಾಬಕ್ಷಿ ಎಷ್ಟು ಚಂದ ಹಚ್ಚಿದನೆಂದರೆ ಬೆರಳು ಸೋಕಿದರೆ ಕೈಗೆ ಅಂಟೀತು ಎನ್ನಿಸುತ್ತಿತ್ತು.

ಅವರ ಮನೆಯ ಅಂಗಳದಲ್ಲಿ ಜೀಪು ಇಳಿಸಿದೆವು. ಹುಸೇನಸಾಬರು ಕಾಟಿನ ಮೇಲಿಂದ ಬಾಗಿ ಮಡಗಾರ್ಡಿನ ತಗ್ಗಿನ ಮೇಲೆ ಬೆರಳಾಡಿಸಿದರು. "ಎಮ್ಮಿ," ಎಂದರು. ನಕ್ಕರು. ರಾಜಾಬಕ್ಷಿ ಮುಖ ಆಚೆ ತಿರುಗಿಸಿಕೊಂಡ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಗಾಡಿ ಕಟ್ಟಿದವಳಿಗೆ ಓಡಿಸಿ ತೋರಿಸದಿದ್ದರೆ ತಿಂದದ್ದು ಅರಗುವುದಿಲ್ಲ. ಅವರ ಬೆನ್ನ ಹಿಂದೆ ನಿಂತು ರಿಮೋಟಿನ ಟ್ರಿಗರ್ ಒತ್ತಿದೆ. ಜೀಪು ಸಿಮೆಂಟಿನ ಮೇಲೆ ನಿಧಾನವಾಗಿ ಕಾಟಿನ ಕಡೆ ಬರತೊಡಗಿತು.

ಹುಸೇನಸಾಬರ ನಗು ಹಾಗೇ ನಿಂತಿತು. ಕಾಲೆರಡನ್ನೂ ಕಾಟಿನ ಮೇಲೆಳೆದುಕೊಂಡು ಗೋಡೆಗೆ ಬೆನ್ನು ಹಚ್ಚಿದರು.

"ಒಳಗ ಯಾರೂ ಇಲ್ಲ," ಎಂದರು.

"ಬಾಬಾ, ನಿಮ್ಮ ಗಾಡಿನ ಅದು," ಎಂದ ರಾಜಾಬಕ್ಷಿ.

"ಸೀಟ್ ಮ್ಯಾಲೆ ಯಾರೂ ಇಲ್ಲೋ! ಹಂಗ ಹೊಂಟೈತಿ. ನಿಲ್ಲಸ್ರಿ ಯಾರರ!"

ನಾನು ನಿಲ್ಲಿಸಿದೆ. ನಮ್ಮಂಥವರಿಗೆ ಖಾಲಿ ಸೀಟಿನ ಗಾಡಿ ಓಡುವುದು ದಿನದ ಮಾತು. ಇಡೀ ಜೀವಮಾನ ಆ ಸೀಟಿನಲ್ಲೇ ಕೂತಿದ್ದ ಮನುಷ್ಯನಿಗೆ ತನ್ನ ಜೀಪು ತಾನಿಲ್ಲದೆ ತನ್ನ ಕಡೆಗೇ ಬಂದರೆ ಹೇಗಿರುತ್ತದೆ ಎಂದು ನಾನು ಯೋಚಿಸಿರಲಿಲ್ಲ.

ಹಾಗಾದರೆ ಡ್ರೈವರನನ್ನು ಮಾಡೋಣ ಎಂದುಕೊಂಡೆವು. ಸಣ್ಣ ಗಾಡಿಯೊಳಗೆ ಡ್ರೈವರ್ ಗೊಂಬೆ ಕೂರಿಸುವುದು ಈ ಚಟದವರಲ್ಲಿ ಇದ್ದದ್ದೇ. ಹುಸೇನಸಾಬರು ವಯಸ್ಸಿನಲ್ಲಿದ್ದಾಗಿನ ಒಂದು ಫೋಟೊ ಸಿಕ್ಕಿತು. ದವಡೆಯ ಆಕಾರಕ್ಕೆ ನನ್ನ ಕಪಾಟಿನಲ್ಲಿ ಅವರದೇ ಪ್ಲಾಸ್ಟರ್ ಇತ್ತು. ಅದನ್ನು ಮುಂದಿಟ್ಟುಕೊಂಡು ಅಳತೆ ಇಳಿಸಿ, ಮೇಣದಲ್ಲಿ ತಿದ್ದಿ, ಗೊಂಬೆ ಎರೆದೆ. ನಗುವ ಬಾಯಿಗೆ ಹಲ್ಲನ್ನೂ ಕೂರಿಸಿದೆ, ಕಸುಬಿನ ಸೊಕ್ಕು ಬಿಡಬೇಕಲ್ಲ. ಸ್ಟೇರಿಂಗ್ ತಿರುಗಿದಾಗ ಗೊಂಬೆಯ ತಲೆಯೂ ಅದೇ ಕಡೆ ಹೊರಳುವಂತೆ ತಂತಿ ಜೋಡಿಸಿದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತೆ ಎನ್ನುತ್ತಾರೆ. ನಾನು ಜೀಪು ಮಾಡಲು ಹೋಗಿ ರಾಜಾಬಕ್ಷಿಯ ಅಪ್ಪನನ್ನೇ ಮಾಡಿಬಿಟ್ಟೆ.

ಬಣ್ಣ ಹಚ್ಚಲು ಬಂದ ರಾಜಾಬಕ್ಷಿ ಗೊಂಬೆಯ ಅಂಗಿ, ಮೀಸೆ, ಕೂದಲು ಎಲ್ಲ ಮುಗಿಸಿದ. ಕಣ್ಣಿನ ಹತ್ತಿರ ಬಂದಾಗ ಕುಂಚ ಕೆಳಗಿಟ್ಟ.

"ಹದ್ದಿಗೆ ಬರದೀನ್ರಿ, ಹುಲಿಗೂ ಬರದೀನಿ. ಇದಕ್ಕ ಬ್ಯಾಡ್ರಿ ಅಕ್ಕಾರ. ಮನಶ್ಯಾರಿಗೆ ಕಣ್ಣು ಬರೀಬಾರದಂತಾರ ನಮ್ಮ ಹಿರ್ಯಾರು. ಅದೂ ಬಾಬಾಗ."

ನನಗೂ ಗುಮ್ಮಿಯ ಹಿಂದಿನ ಎತ್ತು ನೆನಪಾಗಿ ಒತ್ತಾಯ ಮಾಡಲಿಲ್ಲ. ಕಪ್ಪು ಕನ್ನಡಕ ಹಾಕಿದರಾಯಿತು ಎಂದೆ. ಗಾಜಿಗೆ ಬೇರೇನೂ ಸಿಗದೆ ಎಕ್ಸ್‌ರೇ ಫಿಲ್ಮಿನ ಕಪ್ಪು ಭಾಗದಿಂದ ಎರಡು ದುಂಡನೆಯ ತುಂಡು ಕೊಯ್ದೆ. ಕಪಾಟಿನಲ್ಲಿ ಸಿಕ್ಕಿದ ತೂತುಗಳು ಅವೇ.

ಈ ಸಲ ಜೀಪು ಕಾಟಿನ ಪಕ್ಕಕ್ಕೆ ಬಂದು ಕಾಟಿನ ಕಡೆಗೇ ಎಡಕ್ಕೆ ತಿರುಗಿತು. ಒಳಗಿನವನು ತಲೆ ಹೊರಳಿಸಿ, ಕಪ್ಪು ಕನ್ನಡಕದಿಂದ ಹುಸೇನಸಾಬರನ್ನು ನೋಡಿ ಹಲ್ಲು ಬಿಟ್ಟ. ಹುಸೇನಸಾಬರು ಹಣೆಗೆ ಕೈಯೆತ್ತಿ ಸಲಾಂ ಮಾಡಿದರು. ಆಮೇಲೆ ನಮ್ಮ ಕಡೆ ತಿರುಗಿ, "ಡ್ಯೂಟಿ ಬದ್ಲಿ ಆತು," ಎಂದರು. ಬಹಳ ದಣಿದವರ ಹಾಗೆ ಮಲಗಿಬಿಟ್ಟರು. ಆ ಸಂಜೆ ಅವರು ಏಳಲಿಲ್ಲ. ಮರುದಿನವೂ ಹೊರಡಲಿಲ್ಲ. ಶಬಾನಾ ಕೀಲಿಯನ್ನು ಗೂಟಕ್ಕೆ ತೂಗುಹಾಕಿ ನಮ್ಮ ಮನೆಗೆ ಶಾವಿಗೆ ಪಾಯಸ ಕಳಿಸಿದಳು. ನಾನು ಮನೆಯವರ ಮುಂದೆ ಆ ಡಬ್ಬಿಯನ್ನು ಸದ್ದು ಮಾಡಿ ಇಟ್ಟೆ. "ಆಟ ಅಂತಿದ್ರಲ್ಲ, ತಿನ್ರಿ ಈಗ," ಎಂದೆ.

ಪಾಯಸದ ರುಚಿ ಬಹಳ ದಿನ ಉಳಿಯಲಿಲ್ಲ. ಒಂದು ಮಧ್ಯಾಹ್ನ ಶಬಾನಾ ಫೋನು ಮಾಡಿದಳು. "ಅಕ್ಕಾ, ಸ್ವಲ್ಪ ಬಂದು ಹೋಗ್ರಿ. ಫೋನಿನ್ಯಾಗ ಹೇಳೂ ಅಂಥಾದ್ದಲ್ಲ."

ಹೋಗಿ ನೋಡಿದೆ. ಜೀಪು ಒಂದು ಸ್ಟೂಲಿನ ಮೇಲಿತ್ತು. ಅದರ ಮುಂದೆ ತಟ್ಟೆಯಲ್ಲಿ ರೊಟ್ಟಿ, ಪಲ್ಯ. ತಟ್ಟೆಯ ಪಕ್ಕದ ಗ್ಲಾಸಿನ ನೀರಿನಲ್ಲಿ ನಾನು ಕಟ್ಟಿಕೊಟ್ಟ ಹಲ್ಲಿನ ಸೆಟ್ಟು. ಹುಸೇನಸಾಬರು ಕಾಟಿನ ಮೇಲಿದ್ದರು. ಹಲ್ಲಿಲ್ಲದೆ ಮುಖ ಒಳಗೆ ಕುಸಿದಿತ್ತು.

"ಊಟ ಮಾಡ್ರಿ ಬಾಬಾ," ಎಂದೆ.

"ಹುಸೇನ ಉಣ್ಲಿ."

"ಹುಸೇನ ಅಂದ್ರ ನೀವ ಅಲ್ಲೇನ್ರಿ?"

ವಿಳಾಸ ತಪ್ಪಿ ಬಂದವರನ್ನು ನೋಡುವಂತೆ ಅವರು ನನ್ನನ್ನು ಮರ್ಯಾದೆಯಿಂದ ನೋಡಿದರು. ಜೀಪಿನ ಕಡೆ ಗದ್ದ ತೋರಿಸಿ, "ಅಂವ ಅಲ್ಲಿ ಅದಾನಲ್ರಿ," ಎಂದರು.

"ಮತ್ತ ನೀವ್ಯಾರ್ರಿ?"

"ನಾ ಇಲ್ಲೇ ಇಳಕೊಂಡೆ," ಎಂದರು.

ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲವಂತೆ. ಕರೆದಾಗಲೆಲ್ಲ ಜೀಪಿನ ಕಡೆ ನೋಡಿ, ಅವನೇ ಉತ್ತರ ಕೊಡಲಿ ಎಂದು ಕಾಯುತ್ತಿದ್ದರಂತೆ. ರಾಜಾಬಕ್ಷಿ ಒಮ್ಮೆ ಜೀಪನ್ನು ಬಚ್ಚಿಟ್ಟು ನೋಡಿದ್ದ. ಅವರು ಖಾಲಿ ಸ್ಟೂಲನ್ನು ನೋಡುತ್ತ ಕೂತೇ ಇದ್ದರು, ಒಂದು ತುತ್ತೂ ಮುಟ್ಟಲಿಲ್ಲ. ಹೆದರಿ ಮತ್ತೆ ತಂದಿಟ್ಟಿದ್ದ. ಅಂಗಿಯೊಳಗೆ ಅವರ ಭುಜದ ಮೂಳೆ ಎದ್ದು ಕಾಣುತ್ತಿತ್ತು.

"ಮೊದಲ ಹೊರಗ ಹೋಗ್ತಿದ್ರು ಅಕ್ಕಾ, ಹುಡುಕಿ ಕರಕೊಂಡು ಬರ್ತಿದ್ವಿ," ಎಂದಳು ಶಬಾನಾ. "ಈಗ ಒಳಗ ಹೋಗ್ಯಾರ. ಎಲ್ಲಿ ಅಂತ ಹುಡುಕೂದು?"

ನನಗೆ ಅಳು ಬಂತು. ನಾನು ಮಾಡಿದ ಮುಖ ಸ್ಟೂಲಿನ ಮೇಲಿಂದ ಹಲ್ಲು ಬಿಟ್ಟುಕೊಂಡೇ ಇತ್ತು. ಒಬ್ಬ ಮನುಷ್ಯ ದಿನದಿನಕ್ಕೆ ತೆಳ್ಳಗಾಗುತ್ತಿದ್ದ, ಗೊಂಬೆಗೆ ಮಾತ್ರ ಏನೂ ಆಗಿರಲಿಲ್ಲ.

ಕೂತು ಮಾತಾಡಿ ಒಂದು ಉಪಾಯ ಮಾಡಿದೆವು. ಅವರನ್ನೇ ಬಂಡೆಗೆ ಕರೆದುಕೊಂಡು ಹೋಗೋಣ. ರಿಮೋಟು ಅವರ ಕೈಗೇ ಕೊಡೋಣ. ಓಡಿಸುವವನು ಒಳಗಿನ ಗೊಂಬೆಯಲ್ಲ, ತಾನೇ ಎಂದು ಬೆರಳಿಗಾದರೂ ತಿಳಿಯಲಿ. ಅಮಾವಾಸ್ಯೆಯಂದು ಲಾರಿಯವರು ಬಣ್ಣ ಹೊಡೆಸುವುದಿಲ್ಲ, ರಾಜಾಬಕ್ಷಿಗೆ ರಜೆ. ಅಂದೇ ಹೊರಟೆವು.

ಹಿಂದಿನ ದಿನ ನಾನು ಜೀಪಿನೊಳಗಿನ ರಿಸೀವರ್ ಬದಲಾಯಿಸಿದ್ದೆ. ರಿಮೋಟಿನ ಮಾತು ಕೇಳಿಸಿಕೊಳ್ಳುವ ಸಣ್ಣ ಡಬ್ಬಿ ಅದು. ಹೊಸದು ಹಾಕಿದಾಗ ಅದಕ್ಕೊಂದು ಪಾಠ ಹೇಳಿಕೊಡಬೇಕು. ರಿಮೋಟಿನ ಮಾತು ಕೇಳಿಸದೆ ಹೋದರೆ ಏನು ಮಾಡಬೇಕು ಎಂಬ ಪಾಠ. ಟ್ರಿಗರಿನಿಂದ ಬೆರಳು ತೆಗೆದು ಕಲಿಸಿದರೆ ಅದು 'ನಿಲ್ಲು' ಎಂದು ಕಲಿಯುತ್ತದೆ. ಬೆರಳು ಒತ್ತಿಕೊಂಡಿದ್ದರೆ 'ಹೋಗು' ಎಂದು ಕಲಿಯುತ್ತದೆ. ನಾನು ಆ ಹೊತ್ತಿನಲ್ಲಿ ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಹುಸೇನಸಾಬರು ಬೆಳಿಗ್ಗೆ ಏನಾದರೂ ತಿಂದರೇ ಎಂದು ಶಬಾನಾಳನ್ನು ಕೇಳುತ್ತಿದ್ದೆ. ಬೆರಳು ಎಲ್ಲಿತ್ತು ಎಂಬ ಖಬರು ನನಗಿರಲಿಲ್ಲ.

ಊರ ಹೊರಗಿನ ಹಾಸುಬಂಡೆ ಮುಟ್ಟುವಾಗ ನಡುಮಧ್ಯಾಹ್ನ. ಗಾಳಿ ಇರಲಿಲ್ಲ, ಒಂದು ಹಕ್ಕಿಯ ದನಿಯೂ ಇರಲಿಲ್ಲ. ಕಾದ ಕಲ್ಲು ಆಗೊಮ್ಮೆ ಈಗೊಮ್ಮೆ ಚಟ್ ಎನ್ನುತ್ತಿತ್ತು. ಹುಸೇನಸಾಬರನ್ನು ನೆರಳಿನಲ್ಲಿ ಕೂರಿಸಿ ಕೈಗೆ ರಿಮೋಟು ಕೊಟ್ಟೆ. ಅವರು ಅದನ್ನು ಹಿಂದೆಮುಂದೆ ನೋಡಿ ವಾಪಸು ಕೊಟ್ಟರು. "ಓಡಸಾಂವ ಅಲ್ಲಿ ಅದಾನಲ್ರಿ," ಎಂದರು.

"ಹಂಗಲ್ರಿ ಬಾಬಾ, ನೋಡ್ರಿಲ್ಲೆ. ನಾ ಒತ್ತಿದ್ರ ಹೊಕ್ಕೈತಿ. ಬಿಟ್ರ ನಿಲ್ಲತೈತಿ." ಒತ್ತಿದೆ, ಹೋಯಿತು. ಬಿಟ್ಟೆ, ನಿಂತಿತು. ಅವರು ನೋಡುತ್ತಿದ್ದರು. ನನಗೆ ಉಮೇದು ಬಂತು. ಇಳಿಜಾರು ಹತ್ತಿಸಿದೆ, ಬಿರುಕು ದಾಟಿಸಿದೆ, ಎರಡು ದೊಡ್ಡ ಗುಂಡುಕಲ್ಲುಗಳ ನಡುವಿನ ಸಂದಿಯ ತನಕ ಕಳಿಸಿದೆ. ಅಲ್ಲಿ ನಿಲ್ಲಿಸಲು ಬೆರಳು ತೆಗೆದೆ.

ಜೀಪು ನಿಲ್ಲಲಿಲ್ಲ.

ಮತ್ತೆ ಒತ್ತಿದೆ, ಬಿಟ್ಟೆ. ರಿಮೋಟಿನ ದೀಪ ಮಿಣುಕುತ್ತಿತ್ತು. ಗುಂಡುಕಲ್ಲು ಅಡ್ಡ ಬಂದು ನನ್ನ ಮಾತು ಅತ್ತ ಮುಟ್ಟುತ್ತಿರಲಿಲ್ಲ. ಜೀಪು ಅವಸರವಿಲ್ಲದೆ, ಅದೇ ಒಂದೇ ನಡಿಗೆಯಲ್ಲಿ ಎಡಕ್ಕೆ ಹೊರಳಿತು. ಒಳಗಿನವನ ತಲೆಯೂ ಹೊರಳಿತು. ಕಪ್ಪು ಕನ್ನಡಕ ನಮ್ಮ ಕಡೆ ತಿರುಗಿ ಹಾಗೇ ನಿಂತಿತು. ನಮ್ಮನ್ನು ನೋಡುತ್ತ, ನಗುತ್ತ, ಅವನು ಕಲ್ಲಿನ ಹಿಂದೆ ಮರೆಯಾದ.

"ಹೋಗ್ಯಾನ," ಎಂದರು ಹುಸೇನಸಾಬರು. "ನಿಮ್ಮ ಮಾತು ಕೇಳಾಂವಲ್ಲ ಅಂವ."

ರಾಜಾಬಕ್ಷಿ ಓಡಿದ, ನಾನೂ ಓಡಿದೆ. ಸಂದಿಯ ಆಚೆ ಬರೀ ಗುಂಡುಗಳ ರಾಶಿ. ಕೆಳಗೆಲ್ಲೋ ಮೋಟರಿನ ಸಣ್ಣ ದನಿ ಕೇಳುತ್ತಿತ್ತು. ಒಮ್ಮೆ ಬಲಕ್ಕೆ, ಒಮ್ಮೆ ಕಾಲಡಿಯಲ್ಲೇ. ರಾಜಾಬಕ್ಷಿ ಬಿರುಕಿನೊಳಗೆ ಭುಜದ ತನಕ ಕೈಯಿಳಿಸಿ ತಡಕಾಡಿದ. ಒಳಗಿನಿಂದ ತಣ್ಣನೆಯ ಗಾಳಿ ಬರುತ್ತಿದೆ ಎಂದು ಗಾಬರಿಯಿಂದ ಕೈ ಎಳೆದುಕೊಂಡ. ನಾವು ಕಲ್ಲಿಗೆ ಕಿವಿ ಹಚ್ಚಿ ಕೂತೆವು. ದನಿ ಸಣ್ಣಗಾಗುತ್ತ ಹೋಗಿ ಯಾವಾಗ ನಿಂತಿತೋ ತಿಳಿಯಲಿಲ್ಲ.

ನೆರಳಿಗೆ ಮರಳಿದಾಗ ಹುಸೇನಸಾಬರು ಎದ್ದು ನಿಂತಿದ್ದರು.

"ಸಿಗಲಿಲ್ಲ ಬಾಬಾ," ಎಂದ ರಾಜಾಬಕ್ಷಿ.

ಅವರು ಗುಂಡುಗಳ ಕಡೆ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಮುಂದೆ ಅಂಗೈ ಚಾಚಿದರು. "ಹಲ್ಲು ಕೊಡ್ರಿ," ಎಂದರು.

ನಾವು ಮನೆಯಿಂದ ಹೊರಡುವಾಗ ಶಬಾನಾ ಸೆಟ್ಟನ್ನು ಡಬ್ಬಿಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟಿದ್ದಳು. ಅವರು ಅದನ್ನು ಬಾಯಿಗಿಟ್ಟು ಕಚ್ಚಿ ಕೂರಿಸಿಕೊಂಡರು. ಕುಸಿದ ಕೆನ್ನೆ ಮೇಲೆದ್ದಿತು, ಮುಖ ತನ್ನ ಜಾಗಕ್ಕೆ ಬಂತು. "ಡ್ರೈವರ್ ಹಿಂಗ ಬಿಟ್ಟು ಹ್ವಾದ್ರ ಮಂದಿ ಏನ ಮಾಡಬೇಕು? ದಾರಿ ಕಾಯತಿರ್ತಾರ. ಇನ್ನ ನಾನ ಹೋಗಬೇಕು," ಎಂದರು. ಅಂದು ಮನೆಗೆ ಬಂದು ಕೂತವರು ರೊಟ್ಟಿ ಕೇಳಿ ಕೇಳಿ ಹಾಕಿಸಿಕೊಂಡು ಉಂಡರು. "ಹುಸೇನಸಾಬ್ರ, ಇನ್ನೊಂದು?" ಎಂದು ನಾನು ಹೆದರುತ್ತಲೇ ಕೇಳಿದೆ. "ಹಾಂ, ಹಾಕ್ರಿ," ಎಂದರು. ಶಬಾನಾ ಒಲೆಯ ಕಡೆ ಮುಖ ಮಾಡಿ ಬಡಬಡ ರೊಟ್ಟಿ ಬಡಿಯುತ್ತಿದ್ದಳು. ಅವಳ ಕಣ್ಣೀರು ಹಿಟ್ಟಿಗೆ ಬೀಳುತ್ತಿತ್ತು.

ಸಂಜೆಯಾಯಿತು. ಅವರು ಎದ್ದು ಅಂಗಿ ಸರಿಮಾಡಿಕೊಂಡರು.

ಶಬಾನಾ ಗೂಟದಿಂದ ಕೀಲಿ ತೆಗೆದಳು. ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಳು. ನಾನು, ರಾಜಾಬಕ್ಷಿ ನೋಡುತ್ತಿದ್ದೆವು. ಅವಳು ಕೀಲಿಯನ್ನು ಮತ್ತೆ ಗೂಟಕ್ಕೆ ಹಾಕಿ ದುಪಟ್ಟಾ ತಲೆಯ ಮೇಲೆಳೆದುಕೊಂಡಳು.

"ನಡೀರಿ ಬಾಬಾ. ನಂಗೂ ತಾವರಗೇರಿಗೆ ಹೋಗೂದೈತಿ. ಗಾಡಿ ಇತ್ತಾಗ ನಿಂತೈತ್ರಿ," ಎಂದು ಲಾರಿ ರಸ್ತೆ ಬಿಟ್ಟು ಮನೆಯ ಹಿಂದಿನ ಕಾಲುವೆ ದಂಡೆಯ ಕಡೆ ಕರೆದೊಯ್ದಳು.

ಅಂದಿನಿಂದ ದಿನಾ ಸಂಜೆ ಇದೇ ನಡೆದಿದೆ. ಹುಸೇನಸಾಬರು ಗಾಳಿಯಲ್ಲಿ ಸ್ಟೇರಿಂಗ್ ಹಿಡಿದು ದಂಡೆಯ ಮೇಲೆ ಮುಂದೆ ನಡೆಯುತ್ತಾರೆ, ಶಬಾನಾ ಹಿಂದೆ. ರಾಜಾಬಕ್ಷಿ ಅಂಗಡಿ ಮುಚ್ಚಿ ಬಂದ ದಿನ ಅವನೂ ಹತ್ತುತ್ತಾನೆ. ಒಂದು ಬದಿಗೆ ನೀರು, ಒಂದು ಬದಿಗೆ ಭತ್ತದ ಗದ್ದೆ, ಮುಂದಿನಿಂದ ಎಮ್ಮೆ ಬಂದರೆ ಹಾರ್ನ್. "ಕನಕಗಿರಿ ಇಳಿಯೋರು ಇಳೀರಿ," ಎಂದು ಹಾಲಿನ ಡೈರಿಯ ಹತ್ತಿರ ನಿಲ್ಲಿಸುತ್ತಾರೆ. ನೀರು ಬಿಡಲು ಬಂದ ಗದ್ದೆಯವರು ಮೊದಮೊದಲು ನಗುತ್ತಿದ್ದರು, ಈಗ ದಾರಿ ಬಿಟ್ಟು ನಿಲ್ಲುತ್ತಾರೆ. ನಾನು ವಾರಕ್ಕೊಮ್ಮೆಯಾದರೂ ಹೋಗಿ ಹತ್ತುತ್ತೇನೆ. ಹಲ್ಲು ಸರಿ ಕೂತಿದೆಯೇ ನೋಡುವುದು ನೆಪ.

ಹೋದ ವಾರ ಹೋಗಿದ್ದೆ. ನಾನೂ ಶಬಾನಾಳೂ ಜೊತೆಜೊತೆಯಾಗಿ ಅವರ ಹಿಂದಿದ್ದೆವು. ಸೂರ್ಯ ಗದ್ದೆಯಾಚೆ ಇಳಿಯುತ್ತಿದ್ದ. ಯಾವ ಸ್ಟಾಪೂ ಅಲ್ಲದ ಕಡೆ ಹುಸೇನಸಾಬರು ಬ್ರೇಕು ಒತ್ತಿ ನಿಂತರು. ನಮ್ಮ ಹೆಗಲ ಮೇಲಿಂದ ಹಿಂದಿನ ದಾರಿ ನೋಡಿದರು.

"ಯಾಕ್ರಿ ಬಾಬಾ, ನಿಲ್ಲಿಸಿದ್ರಿ?" ಎಂದಳು ಶಬಾನಾ.

"ಒಬ್ಬಾಂವ ಬರಾಕತ್ಯಾನ. ಹತ್ತಲಿ. ಭಾಳ ದೂರಿಂದ ನಡಕೊಂತ ಬಂದಾನ."

ತಿರುಗಿ ನೋಡಿದೆವು. ಕಣ್ಣು ಹಾಯುವವರೆಗೆ ದಂಡೆ ಖಾಲಿ. ಆದರೂ ಕಾದೆವು. ಕಾಲುವೆಯ ನೀರಿನ ಸದ್ದು ಬಿಟ್ಟರೆ ಬೇರೇನಿಲ್ಲ. ಹುಸೇನಸಾಬರ ಕಣ್ಣು ದಾರಿಯ ಮೇಲೆ ಯಾರನ್ನೋ ಹಿಂಬಾಲಿಸುತ್ತ ನಿಧಾನವಾಗಿ ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ನಮ್ಮಿಬ್ಬರ ನಡುವೆ ಬಂದು ನಿಂತಿತು. ಅವರು ಹಣೆಗೆ ಕೈಯೆತ್ತಿ ಸಲಾಂ ಮಾಡಿದರು.

"ಸ್ವಲ್ಪ ಸರಕೋರಿ," ಎಂದರು ನಮಗೆ. "ಡ್ರೈವರ್ ಅದಾನ ಅಂವ. ಜಾಗಾ ಮಾಡಿಕೊಡ್ರಿ."

ಶಬಾನಾ ನನ್ನ ಮುಖ ನೋಡಿದಳು. ಅವಳು ಗದ್ದೆಯ ಕಡೆಗೊಂದು ಹೆಜ್ಜೆ ಸರಿದಳು, ನಾನು ನೀರಿನ ಕಡೆಗೆ. ಹುಸೇನಸಾಬರು ಗೇರು ಹಾಕಿದರು. ಮನೆ ಮುಟ್ಟುವವರೆಗೂ ಆ ನಡುವಿನ ಜಾಗಕ್ಕೆ ನಾವಿಬ್ಬರೂ ಕಾಲಿಡಲಿಲ್ಲ.